ಅಘನಾಶಿನಿಯ ಹೊಣೆ

ಸಾರಥಿ ಬಂದ ಮೇಲೆ ಹಡಗಿನ ಚುಕ್ಕಾಣಿಕೋಣೆಯಲ್ಲಿ ಮಾತು ಕಡಿಮೆಯಾಗಿತ್ತು.

ಮೊದಲಾಗಿದ್ದರೆ ಅಲ್ಲಿ ಒಂದು ಪಾಳಿಗೆ ಆರೇಳು ಜನ ಇರುತ್ತಿದ್ದರು. ಎಡಕ್ಕೊಬ್ಬ, ಬಲಕ್ಕೊಬ್ಬ ದುರ್ಬೀನು ಹಿಡಿದು ನಿಲ್ಲುತ್ತಿದ್ದರು. ರಾಡಾರ್ ಮುಂದೆ ಒಬ್ಬ, ಚುಕ್ಕಾಣಿಯ ಮೇಲೆ ಕೈಯಿಟ್ಟವನೊಬ್ಬ, ಇವರೆಲ್ಲರ ಮಾತು ಕೇಳಿಸಿಕೊಂಡು ಆಜ್ಞೆ ಕೊಡುವ ಅಧಿಕಾರಿಯೊಬ್ಬ. ಸಾರಥಿ ಎಂಬ ಯಂತ್ರಬುದ್ಧಿಯನ್ನು ಅಳವಡಿಸಿದ ಮೇಲೆ ಇಬ್ಬರೇ ಸಾಕಾದರು. ಎದುರಿಗೆ ಬರುವುದು ಸರಕು ಹಡಗಾಗಲಿ, ಮೀನಿನ ದೋಣಿಯಾಗಲಿ, ತೇಲಿ ಬಂದ ಮರದ ದಿಮ್ಮಿಯಾಗಲಿ, ಸಾರಥಿ ಅದನ್ನು ದೂರದಿಂದಲೇ ಗುರುತಿಸುತ್ತಿತ್ತು. ಅದು ಮುಂದೇನು ಮಾಡಬಹುದೆಂದು ಊಹಿಸುತ್ತಿತ್ತು. ಆಮೇಲೆ ಕೊಂಚ ವೇಗ ತಗ್ಗಿಸಿಯೋ ದಿಕ್ಕು ತಿರುಗಿಸಿಯೋ ಯಾರಿಗೂ ತೊಂದರೆಯಾಗದ ಹಾಗೆ ದಾರಿ ಮಾಡಿಕೊಳ್ಳುತ್ತಿತ್ತು. ಮೇಜಿನ ಮೇಲೆ ಹಸಿರು ದೀಪ ಉರಿಯುತ್ತಿದ್ದರೆ ಎಲ್ಲ ಸರಿ ಎಂದರ್ಥ. ಹಳದಿಯಾದರೆ ಎಚ್ಚರಿಕೆ. ಕೆಂಪಾದರೆ ಸಾರಥಿ ಕೈಬಿಟ್ಟಿದೆ, ಹಡಗು ಈಗ ಮನುಷ್ಯರದು ಎಂದು.

ಕರಾವಳಿ ನೌಕಾದಳದ ಕಾವಲು ಹಡಗುಗಳಿಗೆಲ್ಲ ನದಿಗಳ ಹೆಸರು. ಅವುಗಳಲ್ಲಿ ‘ಅಘನಾಶಿನಿ’ಯ ಮುಖ್ಯಸ್ಥೆ ಕಮಾಂಡರ್ ನೀಲಗಂಗಾ ಹಲಗತ್ತಿ. ಗೋಕಾಕದ ಕಡೆಯವಳು, ಅವಳ ಮನೆಯಲ್ಲಿ ಅವಳಿಗಿಂತ ಮುಂಚೆ ಕಡಲು ನೋಡಿದವರೇ ಇರಲಿಲ್ಲ. ಆ ವರ್ಷ ಮಾರ್ಚಿನಲ್ಲಿ ದಳದವರು ಮೌನಾಭ್ಯಾಸ ಇಟ್ಟುಕೊಂಡಿದ್ದರು. ಶತ್ರುವಿಗೆ ಸುಳಿವು ಸಿಗದಂತೆ ಹಡಗುಗಳು ಒಂದಕ್ಕೊಂದು ರೇಡಿಯೊ ಸಂಪರ್ಕವಿಲ್ಲದೆ ಸಂಚರಿಸುವ ಅಭ್ಯಾಸ ಅದು. ನೀಲಗಂಗಾ ಎರಡು ರಾತ್ರಿ ಸರಿಯಾಗಿ ಕಣ್ಣು ಮುಚ್ಚಿರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಕಡಲು ಎಣ್ಣೆ ಸುರಿದ ಹಾಗೆ ನಯವಾಗಿತ್ತು. ದೂರದಲ್ಲಿ ಬಲಗಡೆಯಿಂದ ಅಭ್ಯಾಸದ ಇನ್ನೊಂದು ಹಡಗು ‘ಶಾಲ್ಮಲಾ’ ಓರೆಯಾಗಿ ಬರುತ್ತಿರುವುದು ಬರಿಗಣ್ಣಿಗೇ ಕಾಣುತ್ತಿತ್ತು.

“ಹಳದಿ ಬಂದರೆ ಎಬ್ಬಿಸಿ” ಎಂದು ಪಾಳಿಯ ಅಧಿಕಾರಿ ಲೆಫ್ಟಿನೆಂಟ್ ನಿತಿನ್ ಮೊಂತೇರೊಗೆ ಹೇಳಿ ಅವಳು ಕೆಳಗಿಳಿದು ಹೋಗಿ ಮಲಗಿದಳು.

ಹಳದಿ ಬರಲೇ ಇಲ್ಲ. ಮಂಚದಿಂದ ಎತ್ತಿ ಎಸೆದ ಹಾಗಾಗಿ ಅವಳು ನೆಲಕ್ಕೆ ಬಿದ್ದಾಗ ಕಿವಿಯಲ್ಲಿ ಕಬ್ಬಿಣ ಸೀಳುವ ಸದ್ದು ತುಂಬಿತ್ತು. ಬರಿಗಾಲಲ್ಲಿ ಮೆಟ್ಟಿಲು ಹತ್ತಿ ಚುಕ್ಕಾಣಿಕೋಣೆಗೆ ಬಂದಳು. ದೀಪ ಕೆಂಪಗಿತ್ತು. ಮೊಂತೇರೊ ಎರಡೂ ಕೈಗಳಿಂದ ಚುಕ್ಕಾಣಿ ಹಿಡಿದು ಬಲಕ್ಕೆ ಪೂರ್ತಿ ತಿರುಗಿಸಿ ಹಾಗೇ ನಿಂತಿದ್ದ; ಇನ್ನೂ ತಿರುಗಿಸುತ್ತಲೇ ಇದ್ದಾನೆ ಅನ್ನುವ ಹಾಗೆ. ಹೊರಗೆ, ಹಾಡಹಗಲ ಬಿಸಿಲಿನಲ್ಲಿ, ಶಾಲ್ಮಲಾದ ಮೂತಿ ಅಘನಾಶಿನಿಯ ಬಲಪಕ್ಕೆಯೊಳಗೆ ಹುಗಿದುಕೊಂಡಿತ್ತು. ಎರಡೂ ಹಡಗಿನ ಜನ ಒಬ್ಬರ ಮುಖ ಒಬ್ಬರು ನೋಡುವಷ್ಟು ಹತ್ತಿರದಲ್ಲಿದ್ದರು.

ಆಮೇಲಿನದ್ದು ಅವಳಿಗೆ ಅಭ್ಯಾಸವಾದ ಕೆಲಸ. ನೀರು ನುಗ್ಗಿದ ಕಡೆ ಬಾಗಿಲು ಹಾಕಿಸಿದಳು, ಪಂಪು ಹಚ್ಚಿಸಿದಳು, ಗಾಯಗೊಂಡವರನ್ನು ಮೇಲೆ ತರಿಸಿದಳು. ಹಡಗು ಮುಳುಗಲಿಲ್ಲ. ಆದರೆ ಶಾಲ್ಮಲಾದ ಮೂತಿ ನುಗ್ಗಿದ್ದು ನಾವಿಕರ ಮಲಗುವ ಕೋಣೆಗೆ. ಬೆಳಗಿನ ಪಾಳಿ ಮುಗಿಸಿ ಬಂದು ಮಲಗಿದ್ದ ಪರಶುರಾಮ ಲಮಾಣಿ ಎಂಬ ಹುಡುಗ ತನ್ನ ಹಾಸಿಗೆಯಲ್ಲೇ ಸತ್ತಿದ್ದ. ಅವನಿಗೆ ಎಚ್ಚರವಾಗಲಿಕ್ಕೂ ಸಮಯ ಸಿಕ್ಕಿರಲಿಲ್ಲ ಎಂದು ವೈದ್ಯರು ಹೇಳಿದರು. ತಾನೂ ಅದೇ ಹೊತ್ತಿಗೆ ಅದೇ ಹಡಗಿನಲ್ಲಿ ಮಲಗಿದ್ದೆ ಎಂಬುದನ್ನು ನೀಲಗಂಗಾ ಅವತ್ತಿನಿಂದ ಮರೆಯಲಿಲ್ಲ.

*

ತೊರೆಬಾಗಿಲು ನೌಕಾನೆಲೆಯ ವಸತಿಗೃಹದಲ್ಲಿ ಅವಳ ಗಂಡ ಮಹಾದೇವ ಅವಳಿಗಾಗಿ ಕಾದಿದ್ದ. ಅವನು ಆ ಊರಿನ ಪಶುವೈದ್ಯ. ಪತ್ರಿಕೆಯಲ್ಲಿ ‘ನಿದ್ರಿಸುತ್ತಿದ್ದ ಹಡಗು’ ಎಂದು ದಪ್ಪ ಅಕ್ಷರದಲ್ಲಿ ಬಂದಿತ್ತು. ಅವನು ಅದನ್ನು ಮಡಚಿ ಅಟ್ಟದ ಮೇಲೆ ಹಾಕಿದ್ದ. ಅವಳು ಕೇಳಿ ಇಳಿಸಿಕೊಂಡು ಪೂರ್ತಿ ಓದಿದಳು.

ದಿನವೂ ಸಂಜೆ ವಾಕಿಂಗಿಗೆ ಕರೆಯಲು ಬರುತ್ತಿದ್ದ ಪಕ್ಕದ ಮನೆಯವರು ಬರುವುದನ್ನು ನಿಲ್ಲಿಸಿದರು. ಅವರಿಗೆ ಕೋಪವೇನೂ ಇರಲಿಲ್ಲ. ಏನು ಮಾತಾಡಬೇಕೆಂದು ತೋಚುತ್ತಿರಲಿಲ್ಲ, ಅಷ್ಟೇ. ಮೊದಲು ಬಂದು ಬಾಗಿಲು ತಟ್ಟಿದವರು ಅಡ್ಮಿರಲ್ ಭಾರ್ಗವ. ಡಿಕ್ಕಿಯ ಬಗ್ಗೆ ನೇಮಿಸಿದ ವಿಚಾರಣಾ ಮಂಡಳಿಯ ಅಧ್ಯಕ್ಷರು ಅವರೇ. ಇಪ್ಪತ್ತು ವರ್ಷದ ಹಿಂದೆ ನೀಲಗಂಗಾಗೆ ಹಡಗು ನಡೆಸಲು ಕಲಿಸಿದವರೂ ಅವರೇ. ಚಹಾ ಕುಡಿದು ಮುಗಿಸಿದ ಮೇಲೆ ಹೇಳಿದರು.

“ನೋಡಮ್ಮ, ಯಂತ್ರದ ದಾಖಲೆ ನಮ್ಮ ಕೈಗೆ ಬಂದಿದೆ. ಡಿಕ್ಕಿ ಆದಾಗ ನಿಯಂತ್ರಣ ಮನುಷ್ಯರ ಕೈಲಿತ್ತು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಅಂದರೆ ಆ ಹುಡುಗ ಮೊಂತೇರೊ ಕೈಲಿ. ಅವನ ಮೇಲೆ ನಿರ್ಲಕ್ಷ್ಯದ ಮೊಕದ್ದಮೆ ಹಾಕಬೇಕು ಅಂತ ಮಂಡಳಿಯಲ್ಲಿ ಇಬ್ಬರು ಹೇಳ್ತಿದಾರೆ.”

“ಹಡಗು ನನ್ನದು ಸರ್. ಹೊಣೆಯೂ ನನ್ನದೇ.”

“ನೀನು ಹಾಗೆ ಹೇಳ್ತೀಯ ಅಂತ ನನಗೆ ಗೊತ್ತಿತ್ತು. ಅದನ್ನೇ ಮಂಡಳಿ ಮುಂದೆ ಹೇಳು. ಪೂರ್ತಿ ಹೊಣೆ ನಾಯಕಿಯದು ಅಂತ ಬರೆದು ಮುಗಿಸ್ತೀವಿ. ನಿನ್ನ ಕೈಯಿಂದ ಹಡಗು ಹೋಗುತ್ತೆ, ಅದನ್ನ ನಾನು ತಪ್ಪಿಸೋಕಾಗಲ್ಲ. ಆದರೆ ಮೊಂತೇರೊ ಉಳ್ಕೋತಾನೆ.”

ನೀಲಗಂಗಾ ಒಪ್ಪಿದಳು. ಹಾಗೆ ಒಪ್ಪಿದ ಮೇಲೆ ಅವಳಿಗೆ ಮೊದಲ ಸಲ ಒಂದು ಬಗೆಯ ನೆಮ್ಮದಿಯಾಯಿತು. ಅವತ್ತು ಸರಿಯಾಗಿ ಊಟವನ್ನೂ ಮಾಡಿದಳು.

*

ಮಂಡಳಿಗೆ ತಾಂತ್ರಿಕ ವರದಿ ಕೊಡಬೇಕಾಗಿದ್ದವರು ಡಾಕ್ಟರ್ ರಹಮತುಲ್ಲಾ ಸವಣೂರ. ಮನುಷ್ಯರೂ ಯಂತ್ರಗಳೂ ಒಟ್ಟಿಗೆ ಕೆಲಸ ಮಾಡುವಾಗ ಆಗುವ ಎಡವಟ್ಟುಗಳನ್ನೇ ಜೀವಮಾನವಿಡೀ ಓದಿಕೊಂಡು ಬಂದ ವಿಜ್ಞಾನಿ. ನೌಕಾನೆಲೆಯ ತರಬೇತಿ ಕೇಂದ್ರದಲ್ಲಿ ಒಂದು ಅಣಕು ಚುಕ್ಕಾಣಿಕೋಣೆ ಇತ್ತು. ನಿಜವಾದದ್ದರ ಹಾಗೆಯೇ ಮೇಜು, ಚುಕ್ಕಾಣಿಯ ಚಕ್ರ, ದೀಪ. ಕಿಟಕಿಗಳ ಜಾಗದಲ್ಲಿ ಮಾತ್ರ ಕಡಲನ್ನು ತೋರಿಸುವ ದೊಡ್ಡ ಪರದೆಗಳು. ಅವರು ಅಲ್ಲಿಗೆ ನೀಲಗಂಗಾಳನ್ನು ಕರೆಸಿಕೊಂಡರು.

ಬಾಗಿಲ ಹತ್ತಿರ ಇಬ್ಬರೂ ಒಟ್ಟಿಗೆ ಬಂದರು. ಅವಳು ನಿಂತು “ನೀವು ಹೋಗ್ರಿ” ಎಂದಳು. ಅವರೂ ನಿಂತು “ಇಲ್ರೀ ಮೇಡಂ, ನೀವು ಹೋಗ್ರಿ” ಎಂದರು. ಅವರು ಬಿಟ್ಟುಕೊಟ್ಟರೆಂದು ಅವಳು ಹೆಜ್ಜೆಯಿಟ್ಟಳು, ಅವಳು ಬಿಟ್ಟುಕೊಟ್ಟಳೆಂದು ಅವರೂ ಹೆಜ್ಜೆಯಿಟ್ಟರು. ಭುಜಕ್ಕೆ ಭುಜ ತಾಗಿತು. ಡಾಕ್ಟರು ನಕ್ಕುಬಿಟ್ಟರು. ಕೂಡಲೇ ನಗು ನಿಲ್ಲಿಸಿ, ಒಳಗೆ ಹೋಗಿ ಕೂತರು.

“ನಕ್ಕಿದ್ದಕ್ಕ ತಪ್ಪು ತಿಳೀಬ್ಯಾಡ್ರಿ. ನಾ ನಿಮಗ ಇವತ್ತ ಹೇಳಬೇಕಂದಿದ್ದೂ ಇದನ್ನ.”

ಅವರು ಎರಡು ಪರದೆಗಳ ಮೇಲೆ ಎರಡೂ ಹಡಗಿನ ದಾಖಲೆಗಳನ್ನು ಅಕ್ಕಪಕ್ಕ ಓಡಿಸಿದರು. ಕಡಲಿನ ನಿಯಮದ ಪ್ರಕಾರ, ಬಲಗಡೆಯಿಂದ ಬರುವ ಹಡಗಿಗೆ ಎಡಗಡೆಯದು ದಾರಿ ಬಿಡಬೇಕು. ಅಂದರೆ ಅಘನಾಶಿನಿ ವೇಗ ತಗ್ಗಿಸಬೇಕು, ಶಾಲ್ಮಲಾ ತನ್ನ ಪಾಡಿಗೆ ಹೋಗಬೇಕು. ಅಘನಾಶಿನಿಯ ಸಾರಥಿ ಹಾಗೆಯೇ ಮಾಡಿತು. ಆದರೆ ಅದೇ ಕ್ಷಣದಲ್ಲಿ ಶಾಲ್ಮಲಾದ ಸಾರಥಿಯೂ ಅಪಾಯವನ್ನು ಮೊದಲೇ ಊಹಿಸಿ, ಎದುರಿನವರು ನಿಯಮ ಪಾಲಿಸದಿದ್ದರೆ ಇರಲಿ ಎಂದು, ತಾನೂ ವೇಗ ತಗ್ಗಿಸಿತು. ಎರಡೂ ಒಂದನ್ನೊಂದು ನೋಡಿದವು. ಎದುರಿನದು ದಾರಿ ಬಿಡುತ್ತಿದೆ ಎಂದು ಎರಡಕ್ಕೂ ಅನ್ನಿಸಿತು. ಎರಡೂ ವೇಗ ಹೆಚ್ಚಿಸಿದವು. ಮತ್ತೆ ಎರಡೂ ತಗ್ಗಿಸಿದವು.

“ಎದುರಿಗಿರಾವ ಮನುಷ್ಯಾ ಆಗಿದ್ರ ಎಲ್ಲೋ ಒಂದು ಕಡೆ ಬ್ಯಾರೆ ನಡೀತಾನ್ರಿ. ಒಬ್ಬ ಅವಸರದಾಂವ ಇರ್ತಾನ, ಒಬ್ಬ ಅಂಜೂಂವ ಇರ್ತಾನ. ಇಲ್ಲಿ ಎರಡೂ ಕಡೆ ಒಂದಾ ಬುದ್ಧಿ. ಕನ್ನಡಿ ಮುಂದ ನಿಂತು ಬಾಜೂಕ ಸರಿದಂಗ. ಬ್ಯಾರೆ ದಿನ ಆಗಿದ್ರ ಎರಡೂ ಸಾರಥಿ ರೇಡಿಯೊದಾಗ ಮಾತಾಡಿಕೊಂಡು ಬಗೆಹರಿಸಿಕೊಳ್ತಿದ್ವು. ಮೌನಾಭ್ಯಾಸ ಅಂತ ಅವತ್ತ ಅದನ್ನ ಬಂದ್ ಮಾಡಿದ್ರು.”

“ಹಳದಿ ದೀಪ ಯಾಕ ಬರಲಿಲ್ಲ?”

“ಸಣ್ಣಪುಟ್ಟ ಹೊಂದಾಣಿಕಿ ಎಲ್ಲಾ ತೋರಿಸಿದ್ರ ಪಾಳಿಯವ್ರಿಗೆ ಕಿರಿಕಿರಿ ಅಂತ ಸಾರಥಿ ಮಾಡಿದವ್ರು ಅದನ್ನ ಮುಚ್ಚಿಟ್ಟಾರ್ರಿ. ಪ್ರತಿ ಸಲ ಅದರ ಲೆಕ್ಕದಾಗ ಎಲ್ಲಾ ಸರಿ ಇತ್ತು. ಹಿಂಗಾಗಿ ಹಸಿರು, ಹಸಿರು, ಹಸಿರು. ಕಡೀಕೆ ಎತ್ತ ಹೋದ್ರೂ ಬಡೀತದ ಅಂತ ಗೊತ್ತಾದ ಕೂಡಲೆ ಸೀದಾ ಕೆಂಪು. ಮೊಂತೇರೊ ಕೈಗೆ ಹಡಗು ಬಂದಾಗ ಇಪ್ಪತ್ತು ಸೆಕೆಂಡೂ ಉಳಿದಿರಲಿಲ್ಲ. ಅಷ್ಟು ಭಾರದ ಹಡಗು ಚಕ್ರದ ಮಾತು ಕೇಳಾಕನ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆದರ ದಾಖಲೆಯೊಳಗ ಏನಂತ ಬರೀತದ? ನಿಯಂತ್ರಣ: ಮನುಷ್ಯ.”

ನೀಲಗಂಗಾ ಪರದೆಯನ್ನೇ ನೋಡುತ್ತ ಕುಳಿತಳು. ಎರಡು ಗೆರೆಗಳು ಒಟ್ಟಿಗೆ ಏರಿ, ಒಟ್ಟಿಗೆ ಇಳಿದು, ಮತ್ತೆ ಏರುತ್ತಿದ್ದವು.

“ನೀವು ಇದನ್ನ ಮಂಡಳಿಗೆ ಹೇಳ್ತೀರಲ್ಲ?”

“ಹೇಳ್ತೀನಿ. ಆದರ ಪೂರ್ತಿ ಹೊಣಿ ತಮ್ಮದ ಅಂತ ನೀವು ಹೇಳಿಕಿ ಕೊಟ್ಟ ಮ್ಯಾಲ ನನ್ನ ವರದಿ ಯಾರು ಓದ್ತಾರ್ರಿ? ಕಾರಣ ಸಿಕ್ತು, ವಿಚಾರಣಿ ಮುಗೀತು. ಉಳಿದ ಹಡಗು ಇದ ಸಾರಥಿ ಇಟ್ಕೊಂಡು ಮುಂದಿನ ಮೌನಾಭ್ಯಾಸಕ್ಕ ಹೊಂಡ್ತಾವ.”

*

ಮನೆಗೆ ಬಂದು ಅವಳು ಗಂಡನಿಗೆ ಎಲ್ಲವನ್ನೂ ಹೇಳಿದಳು. ಮಹಾದೇವ ಅಂಗಳದಲ್ಲಿ ಬೂಟು ತೊಳೆಯುತ್ತಿದ್ದ. ಎಲ್ಲೋ ಎಮ್ಮೆಯ ಹೆರಿಗೆ ಮಾಡಿಸಿ ಬಂದಿದ್ದ.

“ಆತಲ್ಲ, ಇನ್ನ ಹೇಳಿಕಿ ಕೊಡಬ್ಯಾಡ” ಎಂದ.

“ನಾ ಕೊಡಲಿಲ್ಲಂದ್ರ ಮೊಂತೇರೊನ ಹಿಡೀತಾರ. ಡಾಕ್ಟರು ಹೇಳಿದ್ದು ಮಂಡಳಿಯವ್ರು ಒಪ್ಪಲಿಲ್ಲ ಅಂದ್ರ? ಆ ಹುಡುಗನ ಬಾಳೇ ಹಾಳಾಗ್ತದ. ನಾ ನಾಯಕಿ ಅದೀನಿ. ನನ್ನ ಮಂದೀನ ಮುಂದ ದೂಡಿ ನಾ ಹಿಂದ ನಿಂದರಲ್ಯಾ?”

ಮಹಾದೇವ ಬೂಟನ್ನು ಗೋಡೆಗೆ ಒರಗಿಸಿ ಅವಳ ಪಕ್ಕ ಬಂದು ಕುಳಿತ.

“ನೀಲಾ, ಒಂದು ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ತಪ್ಪು ನಂದ ಅಂತ ಅಡ್ಮಿರಲ್‌ಗೆ ಹೇಳಿದ ದಿನ ನೀ ಆರಾಮ ಊಟಾ ಮಾಡಿದಿ. ಅದಕ್ಕಿಂತ ಮುಂಚೆ ತುತ್ತು ಇಳೀತಿರಲಿಲ್ಲ. ಅಂದ್ರ ನಿನಗ ಶಿಕ್ಷಾ ಬೇಕಾಗೇದ. ಶಿಕ್ಷಾ ಆದ್ರ ನಿನಗ ಹಗುರಾಗ್ತದ. ಆದ್ರ ಅದು ನಿನ್ನ ಸಲುವಾಗಿ ಆತು. ಸತ್ತ ಹುಡುಗಗ ಅದರಿಂದ ಏನಾತು? ನಾಳೆ ಸಾಯೂ ಹುಡುಗಗ ಏನಾತು?”

ಅವಳಿಗೆ ಸಿಟ್ಟು ಬಂತು. ಎದ್ದು ಒಳಗೆ ಹೋದಳು. ಅಡಿಗೆಮನೆಯಲ್ಲಿ ಸುಮ್ಮನೆ ಪಾತ್ರೆಗಳನ್ನು ತೆಗೆದಿಟ್ಟಳು, ಮತ್ತೆ ಅಲ್ಲೇ ಇಟ್ಟಳು. ಗಂಡನ ಮಾತು ನಿಜವೆಂದು ಅವಳಿಗೆ ಆಗಲೇ ಗೊತ್ತಾಗಿತ್ತು. ಸಿಟ್ಟು ಬಂದದ್ದೂ ಅದಕ್ಕೇ.

ಮರುದಿನ ಅವಳು ಮೊಂತೇರೊ ಇದ್ದ ಕೋಣೆಗೆ ಹೋದಳು. ವಿಚಾರಣೆ ಮುಗಿಯುವ ತನಕ ಅವನು ನೌಕಾನೆಲೆ ಬಿಟ್ಟು ಹೋಗುವಂತಿರಲಿಲ್ಲ. ಗಡ್ಡ ಬೆಳೆದು ಮುಖ ಸಣ್ಣದಾಗಿತ್ತು. ಅವಳು ಡಾಕ್ಟರು ತೋರಿಸಿದ್ದನ್ನು ಹೇಳಿ, ತಾನು ಪೂರ್ತಿ ತಪ್ಪೊಪ್ಪಿಗೆ ಕೊಡುವುದಿಲ್ಲವೆಂದಾಗ ಅವನ ಮುಖ ಇನ್ನಷ್ಟು ಬಿಳಿಚಿಕೊಂಡಿತು.

“ಮೇಡಂ, ನೀವು ಹೇಳುವುದು ಸುಲಭ. ಮಂಡಳಿಯವರು ಒಪ್ಪದಿದ್ದರೆ ಒಳಗೆ ಹೋಗುವುದು ನಾನು. ಮಂಗಳೂರಿನಲ್ಲಿ ನನ್ನ ಮಮ್ಮಿ ಭಾನುವಾರ ಇಗರ್ಜಿಗೆ ಪೂಜೆಗೆ ಹೋಗುವುದನ್ನು ಬಿಟ್ಟಿದ್ದಾರೆ, ಗೊತ್ತುಂಟಾ? ಮಗ ಒಬ್ಬನನ್ನು ಕೊಂದ ಅಂತ ಜನ ಮಾತಾಡ್ತಾರಂತೆ. ನೀವು ತಪ್ಪೊಪ್ಪಿಗೆಗೆ ಸಹಿ ಹಾಕ್ತೀರಿ ಅಂತ ಕೇಳಿ ನಾನು ದೇವರಿಗೆ ಥ್ಯಾಂಕ್ಸ್ ಹೇಳಿದೆ. ನಾಚಿಕೆ ಆಯ್ತು. ಆದರೂ ಹೇಳಿದೆ.”

“ನಿತಿನ್, ನಿಮ್ಮನ್ನು ಬಿಟ್ಟುಕೊಡುವುದಿಲ್ಲ.”

“ಅದು ನಿಮ್ಮ ಕೈಲಿಲ್ಲ ಮೇಡಂ.”

ಅದೂ ನಿಜವೇ ಆಗಿತ್ತು. ಅವಳು ವಾದ ಮಾಡಲಿಲ್ಲ. ಅವನೇ ಮುಂದೆ ಕೇಳಿದ.

“ಮುಂದಿನ ಅಭ್ಯಾಸಕ್ಕೆ ಯಾವೆಲ್ಲ ಹಡಗು ಹೋಗ್ತವೆ?”

“ಹೇಮಾವತಿ, ವೇದಾವತಿ. ಅವಕ್ಕೆ ಆಗಲೇ ಆದೇಶ ಹೋಗಿದೆ.”

“ಹೇಮಾವತಿಯಲ್ಲಿ ಪಾಳಿ ಅಧಿಕಾರಿ ನಮ್ಮ ಬ್ಯಾಚಿನವಳು” ಎಂದ ಮೊಂತೇರೊ. ಅವನ ಒಪ್ಪಿಗೆ ಸಿಗದೆಯೇ ಅವಳು ಹೊರಟಳು. ದಾರಿಯುದ್ದಕ್ಕೂ ಅವಳ ಮನಸ್ಸು ತೂಗಾಡಿತು. ಅವನು ಬೇಡವೆಂದರೆ ತಾನು ಅವನ ಬಾಳನ್ನು ಪಣಕ್ಕಿಡಬಹುದೇ? ಇಡದಿದ್ದರೆ ಹೇಮಾವತಿಯ ಆ ಇನ್ನೊಬ್ಬಳ ಬಾಳನ್ನು ಪಣಕ್ಕಿಟ್ಟ ಹಾಗಲ್ಲವೇ?

*

ವಿಚಾರಣೆಯ ದಿನ ಬೆಳಿಗ್ಗೆ ಅಡ್ಮಿರಲ್ ಭಾರ್ಗವರು ಮಂಡಳಿಯ ಮೇಜಿನ ಹಿಂದೆ ಕುಳಿತು, “ಕಮಾಂಡರ್ ಹಲಗತ್ತಿಯವರೇ, ನಿಮ್ಮ ಹೇಳಿಕೆ ಕೊಡಬಹುದು” ಎಂದರು.

ನೀಲಗಂಗಾ ಎದ್ದು ನಿಂತಳು. “ಅಘನಾಶಿನಿಯ ಹೊಣೆ ನನ್ನದು. ಅದನ್ನು ನಾನು ಯಾರ ಮೇಲೂ ಹಾಕುವುದಿಲ್ಲ. ಆದರೆ ಹೊಣೆ ನನ್ನದು ಎಂದು ಹೇಳಿ ಕೂತುಬಿಟ್ಟರೆ ನನ್ನ ಕೆಲಸ ಮುಗಿಯುವುದಿಲ್ಲ ಸರ್. ಹೊಣೆ ಹೊತ್ತವಳು ಉತ್ತರ ಕೊಡಬೇಕು. ಏನಾಯಿತು, ಯಾಕಾಯಿತು ಎಂದು ಹೇಳದೆ ಬರೀ ತಲೆ ತಗ್ಗಿಸಿದರೆ ಅದು ಉತ್ತರವಾಗುವುದಿಲ್ಲ. ನನ್ನ ಹೇಳಿಕೆ ಬರೆದುಕೊಳ್ಳುವ ಮುಂಚೆ ನಿಮ್ಮಲ್ಲಿ ಒಬ್ಬರು ಅಣಕು ಚುಕ್ಕಾಣಿಕೋಣೆಗೆ ಬಂದು ಲೆಫ್ಟಿನೆಂಟ್ ಮೊಂತೇರೊ ಇದ್ದ ಜಾಗದಲ್ಲಿ ಕೂರಬೇಕು. ಇದು ನನ್ನ ಕೋರಿಕೆ.”

ಮಂಡಳಿಯ ಸದಸ್ಯರೊಬ್ಬರು ಇದು ವಿಚಾರಣೆಯ ಕ್ರಮವಲ್ಲ ಎಂದರು. ಇನ್ನೊಬ್ಬರು, ನಾಯಕಿ ತಪ್ಪಿಸಿಕೊಳ್ಳಲು ನೋಡುತ್ತಿದ್ದಾರೆ ಎಂದು ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ನೀಲಗಂಗಾ ಕೂರದೆ ನಿಂತೇ ಇದ್ದಳು. ಭಾರ್ಗವರು ಅವಳನ್ನೇ ನೋಡುತ್ತಿದ್ದರು. ಅವರ ಕಣ್ಣಲ್ಲಿ ಬೇಸರವಿತ್ತು. ಆಗ ಹಿಂದಿನ ಸಾಲಿನಲ್ಲಿ ಮೊಂತೇರೊ ಎದ್ದು ನಿಂತ. ಗಡ್ಡ ತೆಗೆದು, ಇಸ್ತ್ರಿಯ ಸಮವಸ್ತ್ರ ಹಾಕಿಕೊಂಡು ಬಂದಿದ್ದ.

“ನನ್ನದೂ ಅದೇ ಕೋರಿಕೆ ಸರ್” ಎಂದ.

ಭಾರ್ಗವರು ಟೋಪಿ ಎತ್ತಿಕೊಂಡು ಎದ್ದರು.

ಚಂಡಮಾರುತದಲ್ಲಿ ಯಂತ್ರ ಕೆಟ್ಟ ಹಡಗನ್ನು ದಡ ಮುಟ್ಟಿಸಿದವರೆಂದು ನೌಕಾದಳದಲ್ಲಿ ಅವರಿಗೆ ಹೆಸರಿತ್ತು. ಅಣಕು ಕೋಣೆಯಲ್ಲಿ ಅವರು ಕುರ್ಚಿಯ ತುದಿಯಲ್ಲಿ ಕುಳಿತು, ಒಂದು ಕೈಯನ್ನು ಚಕ್ರದ ಹತ್ತಿರವೇ ಇಟ್ಟುಕೊಂಡರು. ಡಾಕ್ಟರ್ ಸವಣೂರರು ಆ ಮಧ್ಯಾಹ್ನದ ಕಡಲನ್ನು ಪರದೆಗಳ ಮೇಲೆ ತಂದರು. ನಯವಾದ ನೀರು, ಬಲಗಡೆ ದೂರದಲ್ಲಿ ಶಾಲ್ಮಲಾ. ಹಸಿರು ದೀಪ. ಏನಾಗಲಿದೆ ಎಂದು ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೂ ಆ ಹಸಿರು ದೀಪ ನೋಡುತ್ತ ನೋಡುತ್ತ ಎಲ್ಲರ ಭುಜಗಳೂ ಸ್ವಲ್ಪ ಸ್ವಲ್ಪವೇ ಸಡಿಲಾದವು. ಶಾಲ್ಮಲಾ ದೊಡ್ಡದಾಗುತ್ತ ಬಂತು, ನಿಂತ ಹಾಗಾಯಿತು, ಮತ್ತೆ ದೊಡ್ಡದಾಯಿತು.

ಕೆಂಪು ಹೊತ್ತಿಕೊಂಡಿತು. ಮೊಂತೇರೊ ಅವತ್ತು ಹಾಕಿದ್ದಕ್ಕಿಂತ ಬೇಗ ಭಾರ್ಗವರು ಕೈಹಾಕಿದರು. ಚಕ್ರ ಪೂರ್ತಿ ಬಲಕ್ಕೆ, ಯಂತ್ರಗಳು ಪೂರ್ತಿ ಹಿಂದಕ್ಕೆ. ಹಡಗು ತಿರುಗಲು ಶುರುಮಾಡಿತು, ಶುರುಮಾಡಿತಷ್ಟೇ. ಧ್ವನಿವರ್ಧಕದಲ್ಲಿ ಕಬ್ಬಿಣ ಸೀಳುವ ಸದ್ದು ಬಂದಾಗ ಮೊಂತೇರೊ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ.

“ಇನ್ನೊಂದು ಸಲ” ಎಂದರು ಭಾರ್ಗವರು.

ಎರಡನೆಯ ಸಲ ಅವರು ಕೆಂಪಿಗಾಗಿ ಕಾಯಲಿಲ್ಲ. ಹಸಿರು ಇರುವಾಗಲೇ ನಿಯಂತ್ರಣ ತೆಗೆದುಕೊಂಡು ವೇಗ ತಗ್ಗಿಸಿ ಶಾಲ್ಮಲಾದ ಹಿಂದಿನಿಂದ ದಾಟಿದರು. ಏನೂ ಆಗಲಿಲ್ಲ. ಮಂಡಳಿಯ ಸದಸ್ಯರಲ್ಲಿ ಒಬ್ಬರು, “ನೋಡಿ, ತಪ್ಪಿಸಬಹುದಿತ್ತು” ಎಂದರು.

“ನನಗೆ ಈಗ ಗೊತ್ತಿತ್ತು” ಎಂದರು ಭಾರ್ಗವರು. ಕುರ್ಚಿಯನ್ನು ತಿರುಗಿಸಿ ಮೊಂತೇರೊನನ್ನು ಕೇಳಿದರು: “ಅವತ್ತು ನಿನಗೇನು ಗೊತ್ತಿತ್ತು?”

“ಹಸಿರು ದೀಪ ಸರ್. ಮತ್ತೆ ಶಾಲ್ಮಲಾ ಹತ್ತಿರ ಇದೆ ಅಂತ ಕಣ್ಣಿಗೆ ಕಾಣ್ತಿತ್ತು. ತೀರಾ ಹತ್ತಿರ ಬಂತು ಅಂತ ನನಗೆ ಒಂದು ಸಲ ಅನ್ನಿಸಿತು. ದೀಪ ನೋಡಿದೆ. ಹಸಿರಿತ್ತು. ಇನ್ನೊಬ್ಬರನ್ನು ಕೇಳೋಣ ಅಂದರೆ ಅಲ್ಲಿ ನಾನು, ಮತ್ತೆ ಒಬ್ಬ ಹೊಸ ನಾವಿಕ, ಇಬ್ಬರೇ. ಮೇಡಂ ಎರಡು ರಾತ್ರಿಯಿಂದ ಸರಿಯಾಗಿ ಮಲಗಿರಲಿಲ್ಲ. ಹಸಿರು ದೀಪ ಇರುವಾಗ ಹೇಗೆ ಎಬ್ಬಿಸುವುದು ಅಂತ ಸುಮ್ಮನಾದೆ. ಅದು ನನ್ನ ತಪ್ಪು.”

ಭಾರ್ಗವರು ಎದ್ದು, ಕುರ್ಚಿಯ ಬೆನ್ನಿನ ಮೇಲೆ ಕೈಯೂರಿ ನಿಂತರು.

“ಪಾಳಿಗೆ ಇಬ್ಬರು ಸಾಕು ಅಂತ ನಿರ್ಧಾರ ಮಾಡಿದ ಸಮಿತಿಯಲ್ಲಿ ನಾನೂ ಇದ್ದೆ. ನಾನಿಲ್ಲಿ ಅಧ್ಯಕ್ಷನಾಗಿ ಕೂರೋದು ಸರಿಯಲ್ಲ. ಬೇರೆಯವರನ್ನು ನೇಮಿಸಲಿ. ಅಲ್ಲೀವರೆಗೂ ಯಾವ ಹಡಗೂ ಮೌನಾಭ್ಯಾಸಕ್ಕೆ ಹೋಗಕೂಡದು ಅಂತ ನಾನು ಇವತ್ತೇ ಹೇಳಿ ಕಳಿಸ್ತೀನಿ.”

ಬಾಗಿಲಲ್ಲಿ ನೀಲಗಂಗಾಳನ್ನು ದಾಟಿ ಹೋಗುವಾಗ ಅವರು ನಿಂತರು. ಅವಳ ಭುಜವನ್ನೊಮ್ಮೆ ಮುಟ್ಟಿ ಹೊರಟರು.

*

ಹೊಸ ಮಂಡಳಿಯ ವರದಿ ಬರುವಾಗ ಮಳೆಗಾಲ ಕಳೆದಿತ್ತು. ಕಾರಣ ಒಂದೇ ಅಲ್ಲ ಎಂದು ಅದರಲ್ಲಿ ಬರೆದಿದ್ದರು. ಎರಡು ಸಾರಥಿಗಳ ಪರಸ್ಪರ ಸೌಜನ್ಯ, ಅದನ್ನು ಮುಚ್ಚಿಟ್ಟ ಹಸಿರು ದೀಪ, ಸಂಪರ್ಕ ಮುಚ್ಚಿದರೆ ಏನಾಗುತ್ತದೆಂದು ಪರೀಕ್ಷೆ ಮಾಡದೆ ಕೊಟ್ಟ ಆದೇಶ, ಪಾಳಿಯಲ್ಲಿ ಮಾಡಿದ ಜನರ ಕಡಿತ, ದಣಿದ ನಾಯಕಿ, ಅನುಮಾನ ಬಂದರೂ ಎಬ್ಬಿಸದ ಅಧಿಕಾರಿ. ಸಾರಥಿಯನ್ನು ತಯಾರಿಸಿದವರು ಕೊನೆಯವರೆಗೂ ತಮ್ಮ ಯಂತ್ರ ನಿಯಮದಂತೆಯೇ ನಡೆಯಿತೆಂದು ವಾದಿಸಿದರು. ಒಂದು ಅರ್ಥದಲ್ಲಿ ಅದು ಸುಳ್ಳೂ ಅಲ್ಲ. ಎಲ್ಲ ಹಡಗುಗಳಲ್ಲೂ ಸಾರಥಿಯ ಪ್ರತಿಯೊಂದು ಹೊಂದಾಣಿಕೆಯೂ ಪಾಳಿಯವರಿಗೆ ಕಾಣುವಂತೆ ಮಾಡಿದರು. ದುರ್ಬೀನು ಹಿಡಿದವರು ಚುಕ್ಕಾಣಿಕೋಣೆಗೆ ವಾಪಸು ಬಂದರು. ಮೊಂತೇರೊಗೆ ಲಿಖಿತ ಎಚ್ಚರಿಕೆ ಕೊಟ್ಟು ಬೇರೊಂದು ಹಡಗಿಗೆ ಕಳಿಸಿದರು.

ನೀಲಗಂಗಾಳ ಕೈಯಿಂದ ಹಡಗು ಹೋಯಿತು. ಇನ್ನೊಂದು ಹಡಗು ಅಷ್ಟು ಹತ್ತಿರವಿರುವಾಗ ನಾಯಕಿ ಮೇಲೆ ಇರಬೇಕಾಗಿತ್ತು ಎಂದು ವರದಿಯಲ್ಲಿ ಒಂದು ಸಾಲು ಇತ್ತು. ಆ ಸಾಲನ್ನು ಅವಳು ಎರಡು ಸಲ ಓದಿದಳು. ಅದು ನ್ಯಾಯವೆಂದು ಅವಳಿಗೆ ಅನ್ನಿಸಿತು. ನೋವೂ ಆಯಿತು. ಅವಳನ್ನು ದಡದ ಮೇಲಿನ ಕೆಲಸಕ್ಕೆ ಹಾಕಿದರು.

ವರದಿ ಬಂದ ಮೇಲೆ ಅವಳು ರಜೆ ಹಾಕಿ, ಮಹಾದೇವನ ಜೊತೆ ಶಿರಹಟ್ಟಿ ಕಡೆಯ ಲಂಬಾಣಿ ತಾಂಡಾಕ್ಕೆ ಹೋದಳು. ಪರಶುರಾಮನ ಅಪ್ಪ ಥಾವರೆಪ್ಪ ಗೌಂಡಿ ಕೆಲಸದವನು. ಹಣೆಯ ಮೇಲೆ, ಕಿವಿಯ ಹಿಂದೆ ಹಿಂದಿನ ದಿನದ ಸಿಮೆಂಟಿನ ಧೂಳು ಹಾಗೇ ಇತ್ತು. ಮನೆಯ ಮುಂದಿನ ಕಟ್ಟೆಯ ಮೇಲೆ ಚಾಪೆ ಹಾಸಿ ಕೂರಿಸಿದ. ಪರಶುರಾಮನ ಅವ್ವ ನೀರು ತಂದಿಟ್ಟು ಬಾಗಿಲ ಮರೆಗೆ ಹೋಗಿ ನಿಂತಳು, ಹೊರಗೆ ಬರಲಿಲ್ಲ. ಎದುರು ಮನೆಗಳವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ನೀಲಗಂಗಾ ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು. ಬಾಯಿ ತೆರೆಯುವ ಮುಂಚೆ ಥಾವರೆಪ್ಪನೇ ಕೇಳಿದ.

“ಬಾಯಾರ, ಒಂದು ಕೇಳ್ತೀನ್ರಿ. ಖರೇ ಹೇಳ್ರಿ. ನನ್ನ ಮಗ ಕೆಲಸದಾಗ ಮಲಗಿದ್ನೇನ್ರಿ?”

ಅವಳಿಗೆ ಅರ್ಥವಾಗಲಿಲ್ಲ. ಥಾವರೆಪ್ಪ ನೆಲ ನೋಡುತ್ತ ಹೇಳಿದ.

“ಪೇಪರಿನ್ಯಾಗ ಬಂದಿತ್ತಲ್ರಿ, ಹಡಗದಾಗ ನಿದ್ದಿ ಮಾಡ್ತಿದ್ರು, ಅದಕ್ಕ ಹಿಂಗಾತು ಅಂತ. ಆಮ್ಯಾಲ ನಮ್ಮ ಹುಡುಗನ ಹೆಣ ಹಾಸಿಗ್ಯಾಗ ಸಿಕ್ತಂತ. ಎರಡೂ ಕೂಡಿಸಿ ಮಂದಿ ಮಾತಾಡ್ತಾರ. ಪಗಾರ ತಗೊಂಡು ಮಲಗಿದ, ತಾನೂ ಸತ್ತ, ಹಡಗನೂ ಕೆಡಿಸಿದ ಅಂತ. ಇಕೀ ಹೊರಗ ಬರೂದ ಬಿಟ್ಟಾಳ. ನಾ ಯಾರಿಗೆ ಏನ ಹೇಳ್ಲಿ? ನನಗ ಹಡಗ ಅಂದ್ರ ಏನಂತ ಗೊತ್ತಿಲ್ಲ.”

ಮಂಡಳಿ, ವರದಿ, ಅಡ್ಮಿರಲ್ಲು, ಇಷ್ಟೆಲ್ಲದರ ನಡುವೆ ಡಿಕ್ಕಿ ಹೇಗಾಯಿತೆಂದು ಈ ಮನೆಗೆ ಯಾರೂ ಹೇಳಿ ಕಳಿಸಿರಲಿಲ್ಲ.

“ಇಲ್ರೀ ಥಾವರೆಪ್ಪ. ನಿಮ್ಮ ಮಗಾ ತನ್ನ ಕೆಲಸ ಮುಗಿಸಿ ಮಲಗಿದ್ದ. ಆ ಹೊತ್ತಿನ್ಯಾಗ ಮಲಗೂದು ಅವನ ಹಕ್ಕು. ಮತ್ತ ಎದ್ದು ದುಡೀಬೇಕಲ್ಲ, ಅದಕ್ಕ ಮಲಗ್ರಿ ಅಂತ ನಾವ ಹೇಳಿರ್ತೀವಿ. ಅವನ ಕಡಿಂದ ಯಾವ ತಪ್ಪೂ ಆಗಿಲ್ಲ. ತಪ್ಪು ನಮ್ಮ ಕಡಿಂದ ಆತು. ಪೇಪರಿನವ್ರು ನಿದ್ದಿ ಅಂತ ಬರದಿದ್ದು ನನ್ನ ನಿದ್ದಿ. ನಾ ಆ ಹಡಗದ ಮುಖ್ಯಸ್ಥಿ.”

ಥಾವರೆಪ್ಪ ತಲೆಯೆತ್ತಿ ಅವಳನ್ನು ನೋಡಿದ. ಅವನ ಮುಖದಲ್ಲಿ ಸಿಟ್ಟು ಬರಬಹುದೆಂದು ಅವಳು ಕಾದಳು. ಅದು ಬಂತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

“ಹಂಗಾರ ಹೆಂಗಾತ್ರಿ ಇದು?”

“ಉದ್ದ ಅದ. ಹೇಳ್ತೀನಿ.”

“ತಡೀರಿ” ಎಂದ ಥಾವರೆಪ್ಪ. ಎದ್ದು ನಿಂತು, ಎದುರು ಸಾಲಿನ ಮನೆಗಳ ಕಡೆ ತಿರುಗಿ ತಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಏನೋ ಕೂಗಿದ. ಒಬ್ಬೊಬ್ಬರಾಗಿ ಜನ ಬಂದರು. ಕೆಲಸಕ್ಕೆ ಹೊರಟಿದ್ದವರು ಬುತ್ತಿಗಂಟು ಕೈಯಲ್ಲಿ ಹಿಡಿದೇ ನಿಂತರು. ಕಟ್ಟೆ ತುಂಬಿ ಅಂಗಳದಲ್ಲೂ ಕುಳಿತುಕೊಂಡರು. ಕೊನೆಗೆ ಪರಶುರಾಮನ ಅವ್ವ ಬಾಗಿಲ ಮರೆಯಿಂದ ಹೊರಗೆ ಬಂದು ಗಂಡನ ಪಕ್ಕ, ಎಲ್ಲರ ಮುಂದೆ, ಕುಳಿತಳು.

“ಈಗ ಹೇಳ್ರಿ ಬಾಯಾರ” ಎಂದ ಥಾವರೆಪ್ಪ. “ಎಲ್ಲಾರಿಗೂ ಕೇಳೂವಂಗ ಹೇಳ್ರಿ.”

ನೀಲಗಂಗಾ ಚಾಪೆಯಿಂದ ಎದ್ದು ನಿಂತು, ಮೊದಲಿನಿಂದ ಹೇಳತೊಡಗಿದಳು.